ಅಟ್ಟ ಹತ್ತಿದ ಸಪ್ಪೆ ಬಿಲ್ಲು

ಬಿಲ್ಲು ಕೆತ್ತೋರಿಗೆಲ್ಲ ಒಂದೇ ಭಯ: ಎಳೆದಾಗ ಪಟ್ ಅಂತ ಮುರಿದುಬಿಟ್ಟರೆ? ನನ್ನ ಬಿಲ್ಲು ಮುರಿಯಲಿಲ್ಲ. ಮುರಿದಿದ್ದರೆ ಒಲೆಗಿಟ್ಟು ಮರೆತುಬಿಡ್ತಿದ್ದೆ. ಅದು ಸಪ್ಪೆಯಾಯ್ತು. ನೋಡೋಕೆ ಚೆಂದ, ಬಾಗೋದೂ ಚೆಂದ, ಆದರೆ ಬಿಟ್ಟ ಬಾಣ ಮೂವತ್ತು ಹೆಜ್ಜೆ ದೂರದ ಬಾಳೆಕಂಬ ಮುಟ್ಟೋಕೆ ಮೊದಲೇ ನೆಲದ ಮೇಲೆ ಮಲಗಿಬಿಡ್ತು. ಅದೂ ಯಾವಾಗ? ವಿಜಯದಶಮಿ ದಿನ, ಮನೆಮಂದಿಯೆಲ್ಲ ನಿಂತು ನೋಡ್ತಿರುವಾಗ, ಅಪ್ಪನ ಕೈಯಲ್ಲಿ.

ಅವತ್ತು ಅಪ್ಪ ಬೈಯಲಿಲ್ಲ. ಬಿಲ್ಲನ್ನ ನನ್ನ ಕೈಗೆ ವಾಪಸ್ ಕೊಟ್ಟು, ಮೆತ್ತಗೆ ಒಂದೇ ಮಾತು ಕೇಳಿದರು: “ನನ್ನ ಕೈಲಿ ಇಷ್ಟೇ ಆಗೋದು ಅಂತ ಲೆಕ್ಕ ಹಾಕಿದ್ಯೇನ್ಲಾ?”

ಆ ಪ್ರಶ್ನೆಗೆ ಉತ್ತರ ಕೊಡೋಕೆ ನನಗೆ ಒಂದು ವರ್ಷ ಬೇಕಾಯ್ತು. ಈ ಸಲದ ಬರಹ ಅದರದ್ದೇ ಕಥೆ. ನಿಮ್ಮಲ್ಲಿ ಯಾರಾದರೂ ಕೈಯಾರೆ ಏನಾದರೂ ಮಾಡೋಕೆ ಹೋಗಿ ಅತಿಯಾಗಿ ಕೆತ್ತಿ ಕೂತಿದ್ದರೆ, ಓದಿ ನೋಡಿ.

ತಾತನ ಬಿಲ್ಲು, ಅಪ್ಪನ ಭುಜ

ನಮ್ಮೂರು ಹಾಲ್ಕುರಿಕೆ, ತಿಪಟೂರು ತಾಲ್ಲೂಕು. ಎತ್ತ ನೋಡಿದರೂ ತೆಂಗು. ಮಕ್ಕಳಾಗಿದ್ದಾಗ ನಾವು ಬಿಲ್ಲು ಮಾಡ್ತಿದ್ದದ್ದೂ ತೆಂಗಿನ ಗರಿಕಡ್ಡಿಯಲ್ಲೇ. ಮೂರು ಕಡ್ಡಿ ಸೇರಿಸಿ ಬಗ್ಗಿಸಿ ದಾರ ಕಟ್ಟಿದರೆ ಬಿಲ್ಲು, ನಾಲ್ಕನೇ ಕಡ್ಡಿ ಬಾಣ. ಅಮ್ಮನ ಪೊರಕೆ ಗುಡಿಸಿ ಸವೆದದ್ದಕ್ಕಿಂತ ನಮ್ಮ ಯುದ್ಧಗಳಲ್ಲಿ ಸವೆದದ್ದೇ ಹೆಚ್ಚು.

ಹಳೇ ಮೈಸೂರು ಸೀಮೆಯ ಬೇಕಾದಷ್ಟು ಊರುಗಳಲ್ಲಿ ವಿಜಯದಶಮಿ ದಿನ ಬನ್ನಿ ಪೂಜೆ ಆದ ಮೇಲೆ ಬಾಳೆಕಂಬ ನೆಟ್ಟು ಅಂಬು ಹೊಡೆಯೋ ಪದ್ಧತಿ ಇದೆ. ಕೆಲವು ಕಡೆ ಬಾಣ ಬಿಡ್ತಾರೆ, ಕೆಲವು ಕಡೆ ಕತ್ತಿಯಲ್ಲಿ ಕಂಬ ಕಡೀತಾರೆ. ನಮ್ಮ ಮನೆ ಮಟ್ಟಿಗೆ ಅದರ ಒಂದು ಚಿಕ್ಕ ರೂಪ ಉಳಿದಿದೆ. ತೋಟದ ಮೂಲೆಯಲ್ಲಿ ಬನ್ನಿ ಕೊಂಬೆ ಕಟ್ಟಿದ ಒಂದು ಬಾಳೆಕಂಬ, ಮನೆ ಹಿರಿಯರ ಕೈಯಿಂದ ಒಂದು ಬಾಣ, ಆಮೇಲೆ ಒಬ್ಬಟ್ಟಿನ ಊಟ. ಅಷ್ಟೇ.

ಅದಕ್ಕೆ ಅಂತ ತಾತನ ಕಾಲದ ಬಿಲ್ಲೊಂದು ಮನೇಲಿದೆ. ತಡಸಲು ಮರದ್ದು ಅಂತಾರೆ. ಆ ಮರ ಚೆನ್ನಾಗಿ ಬಾಗುತ್ತೆ, ಬೇಗ ಮುರಿಯಲ್ಲ. ಅದಕ್ಕೇ ಬಿಲ್ಲಿಗೆ, ಹತ್ಯಾರದ ಹಿಡಿಗೆ, ಹೊರೆ ಹೊರೋ ಅಡ್ಡೆಗೆ ಹಿಂದಿನಿಂದ ಅದರ ಬಳಕೆ. 2023ರ ದಸರಾದಲ್ಲಿ ಅಪ್ಪ ಆ ಬಿಲ್ಲನ್ನ ಎಳೆಯೋಕೆ ಹೋಗಿ ಅರ್ಧಕ್ಕೇ ನಿಲ್ಲಿಸಿದರು. ಬಲಭುಜ ಹಿಡ್ಕೊಂಡಿತ್ತು. ಫ್ರೋಜನ್ ಶೋಲ್ಡರ್ ಅಂತ ಆಮೇಲೆ ಗೊತ್ತಾಯ್ತು. ಬಾಣ ಭಾವ ಬಿಟ್ಟರು. ಅಪ್ಪ ನಗ್ತಾನೇ ಚಪ್ಪಾಳೆ ತಟ್ಟಿದರು, ಆದರೆ ಒಬ್ಬಟ್ಟು ಮುಟ್ಟಲಿಲ್ಲ.

ಆವಾಗ ನನಗೆ ಹೊಳೆದದ್ದು: ಅಪ್ಪನ ಕೈಗೆ ಆಗೋ ಹಾಗೆ ಒಂದು ಬಿಲ್ಲು ನಾನೇ ಮಾಡಿಕೊಡಬೇಕು. ವಿಮಾನದ ಲಗೇಜ್ ತೂಗೋಕೆ ಇಟ್ಟುಕೊಂಡಿದ್ದ ಕೊಕ್ಕೆ ತಕ್ಕಡಿಯನ್ನ ತಾತನ ಬಿಲ್ಲಿನ ಹೆದೆಗೆ ಸಿಕ್ಕಿಸಿ ಎಳೆದು ನೋಡಿದೆ. 65 ಸೆಂ.ಮೀ. ಎಳೆತಕ್ಕೆ 20 ಕೆಜಿ ತೋರಿಸ್ತು. ಬಿಲ್ಲಿನ ಬಲ ಅಳೆಯೋದು ಹೀಗೇ. ಇಷ್ಟು ದೂರ ಎಳೆದು ಹಿಡಿಯೋಕೆ ಎಷ್ಟು ಭಾರ ಬೇಕು ಅನ್ನೋದೇ ಲೆಕ್ಕ. ಅಪ್ಪನಿಗೆ 13 ಕೆಜಿ ಸರಿಹೋಗುತ್ತೆ ಅಂದ್ಕೊಂಡೆ. ತಾತನ ಬಿಲ್ಲನ್ನೇ ಸ್ವಲ್ಪ ಕೆತ್ತಿ ಹಗುರ ಮಾಡಬಹುದಿತ್ತು ನಿಜ. ಆದರೆ ಅದಕ್ಕೆ ಕತ್ತಿ ತಾಗಿಸೋ ಮಾತು ನಮ್ಮನೇಲಿ ಯಾರೂ ಎತ್ತಲ್ಲ.

ಮೂರು ವೀಕೆಂಡಿನ ಬಿಲ್ಲು

ಮರ ಆರಿಸಿದ್ದು ಮಾತ್ರ ತಪ್ಪಾಗಿರಲಿಲ್ಲ. ಬದುವಿನ ಮೇಲಿದ್ದ ಹಳೇ ಹಿಪ್ಪುನೇರಳೆ ಮರದ ನೆಟ್ಟಗಿನ ಒಂದು ಕೊಂಬೆ. ರೇಷ್ಮೆಹುಳಕ್ಕೆ ಸೊಪ್ಪು ಕೊಡೋ ಅದೇ ಹಿಪ್ಪುನೇರಳೆ. ಬಿಲ್ಲಿಗೆ ಇದು ಬಹಳ ಹಳೇ ಮರ. ಪ್ರಾಚೀನ ಚೀನಾದಲ್ಲಿ ದೊಡ್ಡ ಮನೆತನದಲ್ಲಿ ಗಂಡುಮಗು ಹುಟ್ಟಿದರೆ ಹಿಪ್ಪುನೇರಳೆ ಬಿಲ್ಲಿನಿಂದ ಆಕಾಶಕ್ಕೆ, ಭೂಮಿಗೆ, ನಾಲ್ಕು ದಿಕ್ಕಿಗೆ ಅಂತ ಆರು ಬಾಣ ಬಿಡೋ ಆಚರಣೆ ಇತ್ತು. ಅಮೆರಿಕದಲ್ಲಿ ಬಿಲ್ಲಿಗೆ ಹೆಸರಾದ ಒಸೇಜ್ ಆರೆಂಜ್ ಮರವೂ ಇದೇ ಹಿಪ್ಪುನೇರಳೆ ಕುಟುಂಬದ್ದು.

ತಪ್ಪಿದ್ದು ನನ್ನ ಆತುರದಲ್ಲಿ. 2024ರ ದಸರಾಕ್ಕೆ ಮೂರು ವಾರ ಇರುವಾಗ ಕೊಂಬೆ ಕಡಿದೆ. ಶುಕ್ರವಾರ ರಾತ್ರಿ ತಿಪಟೂರಲ್ಲಿ ರೈಲು ಇಳಿಯೋದು, ಶನಿವಾರ ಭಾನುವಾರ ಮಚ್ಚು, ಅರ, ಒಡೆದ ಗಾಜಿನ ಚೂರು ಹಿಡ್ಕೊಂಡು ಜಗಲಿ ಮೇಲೆ ಕೂರೋದು. ಮರ ಹಸಿಯಾಗಿದ್ದರಿಂದ ಬೆಣ್ಣೆ ಥರ ಕೆತ್ತೋಕೆ ಬರ್ತಿತ್ತು. ನನಗೇನೋ ಕೈ ಕುದುರಿದೆ ಅನ್ನೋ ಖುಷಿ.

ಬಗ್ಗಿಸಿ ನೋಡಿದರೆ ಎಡಗಡೆ ತೋಳು ಬಿಗಿ, ಬಲಗಡೆ ಮೆತ್ತಗೆ. ಸರಿ, ಎಡಗಡೆ ಸ್ವಲ್ಪ ಹೆರೆದೆ. ಈಗ ಅದೇ ಮೆತ್ತಗಾಯ್ತು. ಸರಿ, ಬಲಗಡೆ ಹೆರೆದೆ. ಹೀಗೇ ಎಡಕ್ಕೊಂದು ಸಲ, ಬಲಕ್ಕೊಂದು ಸಲ. ಕೊನೆಗೆ ಎರಡೂ ಕಡೆ ಸಮನಾಗಿ ಬಾಗಿದಾಗ ತಕ್ಕಡಿ ಹಾಕಿದೆ: 7.5 ಕೆಜಿ. ಹಬ್ಬಕ್ಕೆ ಮೂರೇ ದಿನ ಉಳಿದಿತ್ತು. ಪರವಾಗಿಲ್ಲ, ನಡೆಯುತ್ತೆ ಅಂದ್ಕೊಂಡೆ. ನಡೆಯಲಿಲ್ಲ ಅನ್ನೋದು ನಿಮಗೆ ಆಗಲೇ ಗೊತ್ತು.

ಅಕ್ಕನ ಮಗಳಿಗೆ ಆಗ ಹತ್ತು ವರ್ಷ. “ಮಾಮ, ಬಾಣಕ್ಕೆ ನಿದ್ದೆ ಬಂತು” ಅಂದಳು. ಎಲ್ಲರೂ ನಕ್ಕರು. ಅಪ್ಪ ಆ ಮಾತು ಕೇಳಿದ್ದು ಆಮೇಲೆ, ಕೈಕಾಲು ತೊಳೆಯೋ ಹೊತ್ತಲ್ಲಿ, ನನಗೊಬ್ಬನಿಗೇ ಕೇಳೋ ಹಾಗೆ. “ಇಲ್ಲಪ್ಪ, ತಪ್ಪಾಗಿ ಜಾಸ್ತಿ ಕೆತ್ತಿಬಿಟ್ಟೆ” ಅಂದೆ. ಅವರು ತಲೆಯಾಡಿಸಿದರು. ನಂಬಿದರೋ ಇಲ್ಲವೋ ಗೊತ್ತಾಗಲಿಲ್ಲ.

ಎರಡು ಮಿಲಿಮೀಟರಿನ ಲೆಕ್ಕ

ಬೆಂಗಳೂರಿಗೆ ಬಂದ ಮೇಲೆ ಕೂತು ಓದಿದೆ. ಗೊತ್ತಾದ ಮೊದಲ ಸತ್ಯವೇ ಹೊಟ್ಟೆ ಉರಿಸ್ತು. ಮರದ ಪಟ್ಟಿಯ ಬಿಗಿ ಅದರ ದಪ್ಪದ ಘನಕ್ಕೆ ತಕ್ಕ ಹಾಗೆ ಏರುತ್ತೆ, ಇಳಿಯುತ್ತೆ. ಅಂದರೆ 20 ಮಿ.ಮೀ. ದಪ್ಪದ ತೋಳನ್ನ 18 ಮಿ.ಮೀ.ಗೆ ಇಳಿಸಿದರೆ ಹೋಗೋದು ಹತ್ತನೇ ಒಂದು ಭಾಗ ಮರ, ಆದರೆ ಬಿಗಿ ಮಾತ್ರ ಶೇ. 27ರಷ್ಟು ಇಳಿಯುತ್ತೆ. ದಪ್ಪ ಅರ್ಧಕ್ಕೆ ಬಂದರೆ ಬಿಗಿ ಎಂಟನೇ ಒಂದು ಭಾಗಕ್ಕೆ. ಅದೇ ಅಗಲದಲ್ಲಿ ಹತ್ತನೇ ಒಂದು ಭಾಗ ತೆಗೆದಿದ್ದರೆ ಬಿಗಿ ಇಳೀತಿದ್ದದ್ದೂ ಬರೀ ಹತ್ತನೇ ಒಂದು ಭಾಗ. ನಾನು ಗಾಜಿನ ಚೂರಲ್ಲಿ “ಇನ್ನೊಂದು ಸ್ವಲ್ಪ” ಅಂತ ಹೆರೆದದ್ದೆಲ್ಲ ದಪ್ಪದಲ್ಲೇ.

1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಓಟ್ಸಿ ಅನ್ನೋ ಹೆಸರಿಟ್ಟ ಮನುಷ್ಯನ ದೇಹ ಸಿಕ್ಕಿತಲ್ಲ, ಸುಮಾರು 5,300 ವರ್ಷ ಹಿಂದಿನವನು, ಅವನ ಹತ್ತಿರವೂ ಒಂದು ಬಿಲ್ಲಿತ್ತು. ಯೂ ಮರದ್ದು, 1.82 ಮೀಟರ್ ಉದ್ದ, ಇನ್ನೂ ಕೆತ್ತಿ ಮುಗಿದಿರಲಿಲ್ಲ. ಮರದ ಮೇಲೆ ಹತ್ಯಾರದ ಗುರುತು ಹಾಗೇ ಇತ್ತು. ಅವನು ದಪ್ಪ ಉಳಿಸಿಕೊಂಡು ನಿಧಾನಕ್ಕೆ ಹೋಗ್ತಿದ್ದ. ನನಗೆ ಮೂರು ವೀಕೆಂಡ್ ಸಾಕಾಗಿತ್ತು!

ಇನ್ನೊಂದು ವಿಷಯ: ಹಸಿ ಮರವನ್ನ ಬಗ್ಗಿಸಿದರೆ ಅದು ಪೂರ್ತಿ ನೆಟ್ಟಗೆ ವಾಪಸ್ ಬರಲ್ಲ. ಹೆದೆ ಬಿಚ್ಚಿದ ಮೇಲೂ ನನ್ನ ಬಿಲ್ಲು ಮೂರು ಬೆರಳಿನಷ್ಟು ಬಾಗಿಕೊಂಡೇ ಇತ್ತು. ಅಷ್ಟು ಬಲ ಬಾಣಕ್ಕೆ ಸೇರದೆ ಅಲ್ಲೇ ಸೋರಿಹೋಗಿತ್ತು.

ಹೆದೆಯೂ ತಪ್ಪಾಗಿತ್ತು. ತೋಟದಲ್ಲಿ ಸಿಕ್ಕಿದ ನೈಲಾನ್ ಹಗ್ಗ ಕಟ್ಟಿದ್ದೆ. ನೈಲಾನ್ ರಬ್ಬರಿನ ಥರ ಹಿಗ್ಗುತ್ತೆ. ಪಾಲಿಯೆಸ್ಟರ್ ದಾರದ ಎಳೆಗಳನ್ನ ಹೊಸೆದು ಬೇರೆ ಹೆದೆ ಮಾಡಿದೆ. ತಕ್ಕಡಿ 8 ಕೆಜಿಗೆ ಬಂತು. ಹಿಂದಿನವರು ಇದಕ್ಕೆ ಮೂರ್ವಾ ಅನ್ನೋ ಗಿಡದ ನಾರು ಬಳಸ್ತಿದ್ದರು. ಬಿಲ್ಲಿನ ಹೆದೆಗೆ ಮೌರ್ವಿ ಅನ್ನೋ ಹೆಸರು ಬಂದದ್ದೇ ಅದರಿಂದ. ನಿಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಸ್ನೇಕ್ ಪ್ಲಾಂಟ್ ಇದೆಯಾ? ಅದು ಮೂರ್ವಾದ ಹತ್ತಿರದ ನೆಂಟ.

ಹೆದೆ ಬದಲಾಯಿಸಿದ್ದೇನೋ ಆಯ್ತು. ಆದರೆ ಕೆತ್ತಿ ಹೋದ ಮರ ವಾಪಸ್ ಬರಲ್ಲವಲ್ಲ. ಬಿಲ್ಲನ್ನ ಊರಲ್ಲೇ ಬಿಟ್ಟು ಬಂದೆ. ಅಕ್ಟೋಬರ್ ಮುಗೀತು, ನವೆಂಬರ್ ಮುಗೀತು, ಪ್ರಾಜೆಕ್ಟ್ ಡೆಡ್‌ಲೈನ್ ಅಂತ ಊರಿಗೂ ಹೋಗಲಿಲ್ಲ. ನಿಜ ಹೇಳ್ತೀನಿ, ಡೆಡ್‌ಲೈನ್ ಅಷ್ಟೇನೂ ಇರಲಿಲ್ಲ.

ಅಟ್ಟದ ಗೋಡೆ ಮೇಲೆ

ಸಂಕ್ರಾಂತಿಗೆ ಹೋದಾಗ ಜಗಲಿಯ ಗೂಟದಲ್ಲಿ ಬಿಲ್ಲು ಇರಲಿಲ್ಲ. ಅಮ್ಮನನ್ನ ಕೇಳಿದೆ. “ನಿಮ್ಮಪ್ಪ ಅಟ್ಟಕ್ಕೆ ಹಾಕವ್ರೆ, ನೋಡೋಗು” ಅಂದಳು.

ನಮ್ಮ ಕಡೆಯ ಮನೆಗಳ ಅಟ್ಟ ಅಂದರೆ ಏನು ಅಂತ ಹೊರಗಿನವರಿಗೆ ಹೇಳಬೇಕು. ತಿಪಟೂರು ಸೀಮೆಯ ಉಂಡೆ ಕೊಬ್ಬರಿ ತಯಾರಾಗೋದು ಅಲ್ಲಿ. ಬಲಿತ ಕಾಯಿಗಳನ್ನ ಸಿಪ್ಪೆ ಸಮೇತ ಅಟ್ಟದ ಮೇಲೆ ಹರವಿ ಎಂಟು ತಿಂಗಳು, ಹತ್ತು ತಿಂಗಳು, ಕೆಲವು ಸಲ ಒಂದು ವರ್ಷವೇ ಬಿಡ್ತಾರೆ. ಒಳಗಿನ ನೀರು ಆರಿ, ತಿರುಳು ಒಣಗಿ, ಚಿಪ್ಪಿನಿಂದ ತಾನಾಗೇ ಬಿಡಿಸಿಕೊಳ್ಳುತ್ತೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಅಲ್ಲಿಯವರೆಗೆ ಯಾರೂ ಅದರ ತಂಟೆಗೆ ಹೋಗಲ್ಲ. ನೆರಳು, ಗಾಳಿ, ಸಣ್ಣ ಬಿಸಿ. ಬಿಸಿಲಿಗೆ ಹಾಕಿ ಆತುರಪಡಿಸಿದರೆ ಅದು ಉಂಡೆ ಕೊಬ್ಬರಿ ಆಗಲ್ಲ.

ಏಣಿ ಹತ್ತಿ ನೋಡಿದೆ. ಕಾಯಿ ರಾಶಿಯ ಮೇಲೆ, ಜಂತೆಗೆ ಎರಡು ಕಡೆ ಹುರಿಯಲ್ಲಿ ನೇತು ಹಾಕಿದ್ದರು ನನ್ನ ಬಿಲ್ಲನ್ನ. ತುದಿಗಳು ಬೇಗ ಒಣಗಿ ಸೀಳಬಾರದು ಅಂತ ಎರಡೂ ಕಡೆ ಪೇಂಟ್ ಬಳಿದಿದ್ದರು. ಪಕ್ಕದ ಗೋಡೆಯಲ್ಲಿ, ಕಾಯಿ ಲೆಕ್ಕ ಬರೆಯೋ ಜಾಗದಲ್ಲಿ, ಇದ್ದಿಲಲ್ಲಿ ಸಾಲಾಗಿ ಬರೆದ ಸಂಖ್ಯೆಗಳು: 640, 611, 588, 572, 566, 565, 565.

ಎರಡು ನಿಮಿಷ ಬೇಕಾಯ್ತು ನನಗೆ ಅರ್ಥವಾಗೋಕೆ. ಅದು ಗ್ರಾಮ್. ಅಪ್ಪ ವಾರಕ್ಕೊಂದು ಸಲ ಬಿಲ್ಲು ಇಳಿಸಿ, ಅಮ್ಮನ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಬರೆದಿಟ್ಟಿದ್ದರು. ನೋಯೋ ಭುಜ ಇಟ್ಟುಕೊಂಡು ಏಣಿ ಹತ್ತಿ ಇಳಿದು.

“ಮರ ಹಸಿ ಇತ್ತು ಕಣ್ಲಾ” ಅಂದರು ಕೆಳಗಿನಿಂದ. “ಕಾಯಿ ಕೊಬ್ಬರಿ ಆಗೋಕೆ ವರ್ಷ ಬಿಡ್ತೀವಿ. ಮರಕ್ಕೆ ಬಿಡೋಕೆ ನಿಂಗೆ ಟೈಮಿಲ್ವಾ?”

ಆ ಕೊನೆಯ ಎರಡು ಸಂಖ್ಯೆ ಒಂದೇ ಆಗಿತ್ತಲ್ಲ, ಅದೇ ಗುರುತು. ತೂಕ ಇಳಿಯೋದು ನಿಂತರೆ ಮರ ಅಲ್ಲಿನ ಗಾಳಿಗೆ ಎಷ್ಟು ಒಣಗಬೇಕೋ ಅಷ್ಟು ಒಣಗಿದೆ ಅಂತ ಅರ್ಥ. ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತೆ: ಮರದ ಕೋಶಗಳ ಟೊಳ್ಳಿನಲ್ಲಿ ಮತ್ತು ಅವುಗಳ ಗೋಡೆಯಲ್ಲಿ. ಟೊಳ್ಳಿನ ನೀರು ಹೋದರೆ ಭಾರ ಮಾತ್ರ ಇಳಿಯುತ್ತೆ. ತೇವ ಸುಮಾರು ಶೇ. 30ಕ್ಕಿಂತ ಕೆಳಗಿಳಿದು ಗೋಡೆಯ ನೀರು ಹೋಗೋಕೆ ಶುರುವಾದಾಗಲೇ ಮರ ಬಿಗಿಯಾಗೋದು. ಹೆದೆ ಕಟ್ಟಿ ಎಳೆದೆ: 9.2 ಕೆಜಿ. ಒಂದು ಚೂರು ಮರ ಸೇರಿಸದೆ, ಬರೀ ನೀರು ಬಿಟ್ಟಿದ್ದಕ್ಕೆ ಒಂದು ಕೆಜಿಗಿಂತ ಜಾಸ್ತಿ ಬಲ!

ತೆಳ್ಳಗೆ ಕೆತ್ತಿದ ಬಿಲ್ಲು ಒಣಗೋಕೆ ಒಂದೂವರೆ ತಿಂಗಳು ಸಾಕಾಗಿತ್ತು. ಮಿಕ್ಕ ತಡವೆಲ್ಲ ನನ್ನದು.

ಐದು ಇಂಚು

ಮುಂದಿನ ದಾರಿ ನನಗೆ ಗೊತ್ತಿತ್ತು, ಮನಸ್ಸು ಬರ್ತಿರಲಿಲ್ಲ. ಬಿಲ್ಲನ್ನ ಕತ್ತರಿಸಬೇಕು.

ವಿಚಿತ್ರ ಅನ್ನಿಸುತ್ತೆ, ಅಲ್ವಾ? ಸಪ್ಪೆಯಾದದ್ದನ್ನ ಇನ್ನೂ ಕಮ್ಮಿ ಮಾಡೋದು. ಆದರೆ ಉದ್ದ ಕೋಲು ಸುಲಭಕ್ಕೆ ಬಾಗುತ್ತೆ, ಅಷ್ಟೇ ದಪ್ಪದ ಗಿಡ್ಡ ಕೋಲು ಬಾಗಲ್ಲ. ಇಲ್ಲೂ ಘನದ ಲೆಕ್ಕವೇ, ಈ ಸಲ ನಮ್ಮ ಪರವಾಗಿ. ನನ್ನ ಬಿಲ್ಲು 168 ಸೆಂ.ಮೀ. ಇತ್ತು. ಎರಡೂ ತುದಿಯಿಂದ ಎರಡೂವರೆ ಇಂಚು ತೆಗೆದರೆ 155ರ ಹತ್ತಿರ ಬರುತ್ತೆ. ಲೆಕ್ಕದ ಪ್ರಕಾರ ಬಲ ಕಾಲು ಭಾಗದಷ್ಟು ಏರಬೇಕು.

ಇದಕ್ಕೊಂದು ಮಿತಿ ಇದೆ. ಗಿಡ್ಡ ಮಾಡಿದಷ್ಟೂ ಅದೇ ಎಳೆತಕ್ಕೆ ಮರ ಹೆಚ್ಚು ಬಾಗಬೇಕು. ಹೊರಮೈ ಹಿಗ್ಗಿ ಹಿಗ್ಗಿ ಕೊನೆಗೆ ಸೀಳುತ್ತೆ. ಎಳೆಯೋ ಉದ್ದದ ಎರಡೂಕಾಲು ಪಟ್ಟಿಗಿಂತ ಕೆಳಗೆ ಇಳಿಯಬಾರದು ಅಂತ ನಾನು ಇಟ್ಟುಕೊಂಡ ಗೆರೆ. 65 ಸೆಂ.ಮೀ. ಎಳೆತಕ್ಕೆ ಅದು 146. ಹಾಗಾಗಿ 155ರಲ್ಲಿ ಸ್ವಲ್ಪ ಉಸಿರಾಡೋ ಜಾಗ ಇತ್ತು.

ಕತ್ತರಿಸದೆ ಬಲ ಸೇರಿಸೋ ದಾರಿಗಳೂ ಇವೆ. ಬಿಲ್ಲಿನ ಬೆನ್ನಿಗೆ, ಅಂದರೆ ಬಾಣ ಬಿಡುವಾಗ ಗುರಿಯ ಕಡೆ ಇರೋ ಮೈಗೆ, ತೆಳ್ಳಗಿನ ಬಿದಿರು ಪಟ್ಟಿ ಅಂಟಿಸಬಹುದು. ಬಿದಿರಿನ ಹೊರಸಿಪ್ಪೆಯ ನಾರು ಎಳೆತಕ್ಕೆ ಬಲು ಗಟ್ಟಿ. ಉತ್ತರ ಧ್ರುವದ ಹತ್ತಿರದ ಇನ್ಯೂಟ್ ಜನರಿಗೆ ಒಳ್ಳೇ ಮರವೇ ಸಿಗ್ತಿರಲಿಲ್ಲ. ಸಮುದ್ರದಲ್ಲಿ ತೇಲಿಬಂದ ಮರದಲ್ಲಿ ಬಿಲ್ಲು ಮಾಡಿ, ಅದರ ಬೆನ್ನಿಗೆ ಪ್ರಾಣಿಯ ಸ್ನಾಯುವಿನ ಹುರಿ ಬಿಗಿದು ಕಟ್ಟಿ ಬಲ ತುಂಬ್ತಿದ್ದರು. ಅಮೆರಿಕದ ಪೆನಾಬ್ಸ್ಕಾಟ್ ಜನರ ಹೆಸರಲ್ಲಿ ಇನ್ನೊಂದು ಉಪಾಯ ಇದೆ: ದೊಡ್ಡ ಬಿಲ್ಲಿನ ಬೆನ್ನಿಗೆ ಚಿಕ್ಕದೊಂದು ಬಿಲ್ಲು ಕಟ್ಟಿ, ತುದಿಗಳನ್ನ ಹುರಿಯಿಂದ ಸೇರಿಸೋದು. ಅದನ್ನ ಅಪ್ಪ-ಮಗ ಬಿಲ್ಲು ಅಂತಲೂ ಕರೀತಾರೆ. ಇದನ್ನ ಅಪ್ಪನಿಗೆ ಹೇಳಿದಾಗ, “ಬ್ಯಾಡಪ್ಪ, ನಾನೇ ನಿನ್ನ ಹೊತ್ಕೊಂಡು ಓಡಾಡಬೇಕಾಯ್ತದೆ” ಅಂದರು.

ಕೊನೆಗೆ ಗರಗಸ ಹಿಡಿದೆ. ಅಪ್ಪ ಎಡಗೈಯಲ್ಲಿ ಬಿಲ್ಲನ್ನ ಮೊಣಕಾಲಿಗೆ ಒತ್ತಿ ಹಿಡಿದರು. ಮೂರು ವೀಕೆಂಡು ಕೂತು ತಿದ್ದಿದ ತುದಿಗಳು ಟಪ್ ಟಪ್ ಅಂತ ನೆಲಕ್ಕೆ ಬಿದ್ದವು. ಹೊಸ ತುದಿಗೆ ಹೆದೆ ಕೂರೋ ಕಚ್ಚು ಮಾಡಿದೆ. ಗೋಡೆಯ ಗೂಟಕ್ಕೆ ಬಿಲ್ಲು ಕೂರಿಸಿ, ಹೆದೆಯನ್ನ ಕೆಳಕ್ಕೆ ಸ್ವಲ್ಪ ಸ್ವಲ್ಪವೇ ಎಳೆದು ಪ್ರತಿ ಸಲ ಫೋನಲ್ಲಿ ಫೋಟೊ ತೆಗೆದು, ಎರಡೂ ತೋಳು ಒಂದೇ ಸಮ ಬಾಗ್ತಿವೆಯಾ ಅಂತ ನೋಡಿದೆವು. ಕಣ್ಣು ಮೋಸ ಮಾಡುತ್ತೆ, ಫೋಟೊ ಮಾಡಲ್ಲ. ಬಲಗಡೆ ಒಂದು ಕೂದಲೆಳೆ ಬಿಗಿ ಇತ್ತು. ಕೈ ಗಾಜಿನ ಚೂರಿನ ಕಡೆ ಹೋಯ್ತು.

“ಮುಟ್ಟಬೇಡ” ಅಂದರು ಅಪ್ಪ. ಮುಟ್ಟಲಿಲ್ಲ. ತಕ್ಕಡಿ 11.3 ಅಂತ ತೋರಿಸ್ತು.

ಕರಟದ ಕೆಂಡ

ಉಳಿದದ್ದು ಆ ಬಾಗು. ಯುಗಾದಿಗೆ ಹೋದಾಗ ಅದಕ್ಕೆ ಕೈ ಹಾಕಿದೆವು. ಬಿದಿರು ಕೆಲಸದ ಮೇದರು ಗಳುವನ್ನ ಬೆಂಕಿಗೆ ಹಿಡಿದು ನೆಟ್ಟಗೆ ಮಾಡೋದನ್ನ ನೀವು ನೋಡಿರಬಹುದು. ಬಿಸಿಗೆ ನಾರುಗಳ ನಡುವಿನ ಅಂಟು ಮೆದುವಾಗುತ್ತೆ. ಬೇಕಾದ ಹಾಗೆ ಬಗ್ಗಿಸಿ ಹಿಡಿದು ಆರೋಕೆ ಬಿಟ್ಟರೆ ಅದೇ ಆಕಾರಕ್ಕೆ ನಿಲ್ಲುತ್ತೆ.

ಒಂದು ಹಲಗೆಯ ಮೇಲೆ ಬಿಲ್ಲನ್ನ ಉಲ್ಟಾ ಬಾಗೋ ಹಾಗೆ, ನಡುವೆ ಗುಬ್ಬಿ ಕೊಟ್ಟು, ಹಳೇ ಸೈಕಲ್ ಟ್ಯೂಬಿನ ಪಟ್ಟಿಗಳಲ್ಲಿ ಬಿಗಿದೆವು. ಕೆಂಡಕ್ಕೆ ತೆಂಗಿನ ಕರಟ. ನಮ್ಮಲ್ಲಿ ಅದಕ್ಕೇನು ಬರ? ಕರಟದ ಕೆಂಡ ಹೊಗೆ ಕಮ್ಮಿ, ಕಾವು ಜಾಸ್ತಿ, ತುಂಬ ಹೊತ್ತು ಒಂದೇ ಸಮ ಇರುತ್ತೆ. ಬಿಲ್ಲಿನ ಹೊಟ್ಟೆ ಭಾಗವನ್ನ, ಅಂದರೆ ಎಳೆಯೋರ ಮುಖದ ಕಡೆ ಇರೋ ಮೈಯನ್ನ, ಕೆಂಡಕ್ಕೆ ಒಂದು ಗೇಣು ಮೇಲೆ ಹಿಡಿದು ನಿಧಾನಕ್ಕೆ ಸರಿಸ್ತಾ ಹೋಗಬೇಕು. ಹೊಟ್ಟೆ ಕಡೆಗೇ ಯಾಕೆ ಅಂದರೆ, ಬಾಗಿದಾಗ ಅಮುಕಿಸಿಕೊಳ್ಳೋದು ಆ ಕಡೆ. ಕಾದ ಮರ ಅಮುಕೋದನ್ನ ಚೆನ್ನಾಗಿ ತಡೆಯುತ್ತೆ. ಬೆನ್ನಿನ ಕಡೆ ಹಿಗ್ಗಬೇಕು, ಅಲ್ಲಿ ಕಾವು ತಾಗಿದರೆ ಮರ ಪೆಡಸಾಗಿ ಸೀಳುತ್ತೆ. ಟ್ಯೂಬು ಇರೋ ಕಡೆ ಒದ್ದೆ ಗೋಣಿ ಸುತ್ತಿದ್ದೆವು, ಇಲ್ಲದಿದ್ದರೆ ಅದೇ ಮೊದಲು ಕರಗ್ತಿತ್ತು.

ಮೂರು ಗಂಟೆ. ಮರ ಮೊದಲು ಹಳದಿ, ಆಮೇಲೆ ಹುರಿದ ಕಡಲೆಬೀಜದ ಬಣ್ಣ. ಅಪ್ಪ ಗಾಳಿ ಬೀಸ್ತಾ, ಅಮ್ಮ ನಡುನಡುವೆ “ನನ್ನ ಮನೆ ಸುಟ್ಟೀರಿ” ಅಂತ ಬಂದು ನೋಡಿ ಹೋಗ್ತಾ.

ಸಂಜೆಗೇ ಹೆದೆ ಏರಿಸೋ ಆಸೆ ನನಗೆ. ಈ ಸಲ ಓದಿಕೊಂಡಿದ್ದೆ: ಕಾಸಿದ ಮರದಲ್ಲಿ ತೇವ ತೀರಾ ಕಮ್ಮಿ ಆಗಿರುತ್ತೆ, ಗಾಳಿಯಿಂದ ಸ್ವಲ್ಪ ತೇವ ವಾಪಸ್ ಹೀರೋ ತನಕ ಬಗ್ಗಿಸಿದರೆ ಒಡೆಯುತ್ತೆ. ಬಿಲ್ಲು ಮತ್ತೆ ಅಟ್ಟ ಹತ್ತಿತು. ಮುಂದಿನ ಸಲ ಊರಿಗೆ ಹೋಗಿ ಎಳೆದಾಗ 12.5 ಕೆಜಿ. ನಾನು ಅಂದ್ಕೊಂಡದ್ದು 13.

“ಅರ್ಧ ಕೆಜಿ ಕಮ್ಮಿ ಅಪ್ಪ” ಅಂದೆ.

“ಅದೇನು ಕೊಬ್ಬರಿ ಮಾರ್ತಿದೀವಾ?” ಅಂದರು.

ಈ ಸಲದ ದಸರಾ

2025ರ ವಿಜಯದಶಮಿ. ಅಪ್ಪನ ಭುಜ ವ್ಯಾಯಾಮದಿಂದ ಮುಕ್ಕಾಲು ಪಾಲು ಸರಿಹೋಗಿತ್ತು. ಬೇಸಿಗೆಯಿಂದ ಆ ಬಿಲ್ಲನ್ನೇ ಸ್ವಲ್ಪ ಸ್ವಲ್ಪ ಎಳೆದು ಅಭ್ಯಾಸ ಮಾಡ್ತಿದ್ದರಂತೆ, ಅಮ್ಮ ಆಮೇಲೆ ಹೇಳಿದಳು. ನನಗೆ ಮಾತ್ರ ಹೇಳಿರಲಿಲ್ಲ.

ಮೂವತ್ತು ಹೆಜ್ಜೆ. ಅಪ್ಪ ನಿಂತರು, ಎಳೆದರು. ಕೊನೆಯ ನಾಲ್ಕು ಬೆರಳು ಎಳೆಯುವಾಗ ಕೈ ಸಣ್ಣಗೆ ನಡುಗಿದ್ದು ಕಾಣ್ತು. ಬಿಟ್ಟರು. ಬಾಣ ಬಾಳೆಕಂಬದ ನಡುವಿಗಲ್ಲ, ಬಲಗಡೆ ಅಂಚಿಗೆ, ಆದರೆ ಗಟ್ಟಿಯಾಗಿ ನಾಟಿಕೊಂಡು ನಿಂತಿತು. ಅಕ್ಕನ ಮಗಳು ಓಡಿಹೋಗಿ ಕಿತ್ತು ನೋಡಿದಳು. “ತಾತ, ಎಚ್ಚರ ಆಗಿದೆ ಇದಕ್ಕೆ!”

ಅಪ್ಪ ಬಿಲ್ಲಿನ ಹೆದೆ ಬಿಚ್ಚಿದರು. ನನ್ನ ಕಡೆ ನೋಡಲಿಲ್ಲ. ಕೈಕಾಲು ತೊಳೆಯೋಕೆ ಹೋಗುವಾಗ, ಹೋದ ವರ್ಷದ ಅದೇ ಜಾಗದಲ್ಲಿ ನಿಂತು ಅಂದರು: “ಮಗೀಗೂ ಒಂದು ಮಾಡಿಕೊಡ್ಲಾ. ಎಂಟು ಕೆಜಿ ಸಾಕು ಅವಳಿಗೆ. ಅದು ನಿಂಗೆ ಚೆನ್ನಾಗಿ ಬತ್ತದೆ.”

ಆ ದಿನ ಒಬ್ಬಟ್ಟು ನಾಲ್ಕು ತಿಂದರು. ಹಿಪ್ಪುನೇರಳೆಯ ಇನ್ನೊಂದು ಕೊಂಬೆ ಈಗ ಅಟ್ಟದಲ್ಲಿದೆ. ಗೋಡೆ ಮೇಲೆ ಹೊಸ ಸಾಲು ಶುರುವಾಗಿದೆ, ಈ ಸಲ ಬರೀತಿರೋದು ಅಕ್ಕನ ಮಗಳು.

ನಿಮ್ಮ ಬಿಲ್ಲೂ ಸಪ್ಪೆಯಾಗಿದ್ದರೆ

ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳೋರಿಗೆ, ನಾನು ಕಲಿತದ್ದು ಇದೇ ಕ್ರಮದಲ್ಲಿ:

1. ಮೊದಲು ಹತ್ಯಾರ ಕೆಳಗಿಡಿ. ಬಲ ಕಮ್ಮಿ ಅಂತ ಗೊತ್ತಾದ ಮೇಲೆ ಒಂದು ಹೆರೆತವೂ ಬೇಡ.

2. ಹೆದೆ ನೋಡಿ. ಹಿಗ್ಗೋ ನೈಲಾನ್ ಆಗಿದ್ದರೆ ಪಾಲಿಯೆಸ್ಟರ್ ದಾರಕ್ಕೆ ಬದಲಾಯಿಸಿ.

3. ನೆರಳಲ್ಲಿ ಒಣಗಿಸಿ. ವಾರಕ್ಕೊಮ್ಮೆ ತೂಗಿ. ಎರಡು ವಾರ ಒಂದೇ ತೂಕ ಬಂದರೆ ಸಾಕು. ಬಿಸಿಲಲ್ಲಿ, ಟೆರೇಸಲ್ಲಿ ಇಡಬೇಡಿ, ಸೀಳುತ್ತೆ.

4. ಆಮೇಲೆ ಎರಡೂ ತುದಿಯಿಂದ ಸಮನಾಗಿ ಕತ್ತರಿಸಿ. ಒಂದೇ ಸಲಕ್ಕೆ ಬೇಡ, ಒಂದೊಂದು ಇಂಚು ತೆಗೆದು ತೂಗಿ ನೋಡಿ.

5. ಬಾಗು ಉಳಿದಿದ್ದರೆ ಹೊಟ್ಟೆ ಕಡೆ ಮಾತ್ರ ಕಾಸಿ, ಉಲ್ಟಾ ಬಿಗಿದು, ಪೂರ್ತಿ ಆರಿಸಿ. ಮುಂದಿನ ಒಂದು ವಾರ ಹೆದೆ ಏರಿಸಬೇಡಿ.

6. ಇಷ್ಟೂ ಮಾಡಿ ಸಾಲದಿದ್ದರೆ ಬೆನ್ನಿಗೆ ಬಿದಿರು ಪಟ್ಟಿ. ಅದಕ್ಕೂ ಮನಸ್ಸಿಲ್ಲದಿದ್ದರೆ ಮನೆಯ ಮಕ್ಕಳಿಗೆ ಕೊಡಿ. ಅವರ ಕೈಗೆ ಅದು ಸಪ್ಪೆ ಅಲ್ಲ.

ಇನ್ನೆರಡು ಮಾತು. ಬಾಣ ಇಲ್ಲದೆ ಹೆದೆ ಎಳೆದು ಬಿಡಬೇಡಿ, ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿಲ್ಲಿಗೇ ಬಡಿದು ಮುರಿಯುತ್ತೆ. ಹಾಗೇ, ಗುರಿ ಬಾಳೆಕಂಬವೋ ಗೋಣಿಚೀಲವೋ ಆಗಿರಲಿ. ಹಕ್ಕಿ, ಮೊಲದ ಕಡೆ ತಿರುಗಿಸಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ.

ನಿಮ್ಮ ಮನೆಯ ಅಟ್ಟದಲ್ಲಿ ಇಂಥದ್ದೇನಾದರೂ ನೇತಾಡ್ತಿದೆಯಾ? ಅರ್ಧಕ್ಕೆ ಬಿಟ್ಟದ್ದು, ಅತಿಯಾಗಿ ಕೆತ್ತಿ ಕೆಡಿಸಿದ್ದು? ಇಳಿಸಿ ಒಂದು ಸಲ ತೂಗಿ ನೋಡಿ. ನಿಮಗೆ ಗೊತ್ತಿಲ್ಲದೆ ಯಾರಾದರೂ ಅದರ ಲೆಕ್ಕ ಬರೆದಿಟ್ಟಿರಬಹುದು.